ನಾ ನಿನ್ನ ಬಿಡಲಾರೆ (ಚಲನಚಿತ್ರ)

1979ರಲ್ಲಿ ತೆರೆಕಂಡ ಕನ್ನಡ ಭಯಾನಕ ಚಿತ್ರ. ‘ಗಂಧದ ಗುಡಿ’, ‘ಮಯೂರ’ ಚಿತ್ರಗಳನ್ನು ನಿರ್ದೇಶಿಸಿದ ವಿಜಯ್ ಇದರ ನಿರ್ದೇಶಕರು. ಸಂಗೀತ ರಾಜನ್-ನಾಗೇಂದ್ರ. ಮುಖ್ಯ ಪಾತ್ರಗಳಲ್ಲಿ ಅನಂತ್ ನಾಗ್ ಮತ್ತು ಲಕ್ಷ್ಮಿ. ದೆವ್ವದ ಚಿತ್ರಗಳನ್ನು ಮೆಚ್ಚುವ ಕನ್ನಡಿಗರು ಇಂದಿಗೂ ಮತ್ತೆ ಮತ್ತೆ ನೋಡಿ ಚರ್ಚಿಸುವ ಚಿತ್ರವಿದು.

ಕಥೆ: ಕೃಷ್ಣನನ್ನು ಬಯಸಿ, ಅವನಿಂದ ತಿರಸ್ಕೃತಳಾಗಿ ಸತ್ತ ಕಾಮಿನಿ ಪ್ರೇತವಾಗಿ ಅವನ ಮೈಹೊಕ್ಕುತ್ತಾಳೆ. ಹೆಂಡತಿ ಗಾಯತ್ರಿ ಗಂಡನನ್ನು ಉಳಿಸಿಕೊಳ್ಳಲು ಹೋರಾಡಿ, ಕೊನೆಗೆ ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಮೊರೆ ಹೋಗುತ್ತಾಳೆ.

ವಿಮರ್ಶೆ: ಮೈಮೇಲೆ ದೆವ್ವ ಬರುವ ಕಥೆಗಳಲ್ಲಿ ಸಾಮಾನ್ಯವಾಗಿ ಹೆಣ್ಣೇ ಅದಕ್ಕೆ ತುತ್ತಾಗುತ್ತಾಳೆ, ಇಲ್ಲಿ ಗಂಡಸಿನ ದೇಹದಲ್ಲಿ ಹೆಣ್ಣಿನ ಪ್ರೇತ ಸೇರುತ್ತದೆ. ಅನಂತ್ ನಾಗ್ ದನಿ, ಕಣ್ಣು, ನಡಿಗೆಗಳನ್ನೇ ಬದಲಿಸಿ ಒಂದೇ ಮೈಯಲ್ಲಿ ಇಬ್ಬರನ್ನು ತೋರಿಸುತ್ತಾರೆ. ಗಣಕಯಂತ್ರದ ಚಮತ್ಕಾರಗಳಿಲ್ಲದ ಕಾಲದಲ್ಲಿ ಭಯ ಹುಟ್ಟಿಸಿದ್ದು ಈ ಅಭಿನಯವೇ. ಭೀತಿಯೂ ಭಕ್ತಿಯೂ ಒಂದೇ ಸಂಸಾರದೊಳಗೆ ಮುಖಾಮುಖಿಯಾಗುವುದರಿಂದ, ಮನೆಮಂದಿಯೆಲ್ಲ ಕೂತು ನೋಡುವ ದೆವ್ವದ ಚಿತ್ರವಾಗಿ ಇದು ಉಳಿದಿದೆ. ಪ್ರೇತಬಾಧೆಗೆ ದೈವಕೃಪೆಯೇ ಪರಿಹಾರವೆಂಬ ಮುಕ್ತಾಯವನ್ನು ಇಂದಿನ ಪ್ರೇಕ್ಷಕರು ಪ್ರಶ್ನಿಸಬಹುದು. ಆದರೆ ಗಾಯತ್ರಿಯ ಛಲವೇ ಕಥೆಯ ಬೆನ್ನೆಲುಬು, ಲಕ್ಷ್ಮಿಯವರ ಅಭಿನಯಕ್ಕೆ ಅದರ ಪೂರ್ಣ ಶ್ರೇಯ ಸಲ್ಲಬೇಕು.

ಪರಂಪರೆ: 1981ರಲ್ಲಿ ‘ಮಂಗಳಸೂತ್ರ’ ಎಂಬ ಹೆಸರಿನಲ್ಲಿ ಹಿಂದಿಗೆ ಹೋಯಿತು, ಅಲ್ಲಿಯೂ ಅನಂತ್ ನಾಗ್ ನಾಯಕ, ರೇಖಾ ನಾಯಕಿ. ಮುಂದೆ ಉಪೇಂದ್ರರ ‘ಶ್!’ (1993), ಪಿ. ವಾಸು ಅವರ ‘ಆಪ್ತಮಿತ್ರ’ (2004), ಚಾರಣಿಗರ ವೀಡಿಯೊ ತುಣುಕುಗಳ ರೂಪದಲ್ಲಿ ಕಥೆ ಹೇಳಿದ ‘6-5=2’ (2013) ಕನ್ನಡದ ಭೀತಿಚಿತ್ರಗಳಿಗೆ ಬೇರೆ ಬೇರೆ ದಾರಿ ತೆರೆದವು. ಇವುಗಳನ್ನು ಅಳೆಯುವಾಗ ರಸಿಕರು ಮೊದಲು ನೆನೆಯಬೇಕಾದ ಮಾನದಂಡ ‘ನಾ ನಿನ್ನ ಬಿಡಲಾರೆ’.