ಭಾರತದಲ್ಲಿ 1881

1881ರಲ್ಲಿ ಲಾರ್ಡ್ ರಿಪ್ಪನ್ ಬ್ರಿಟಿಷ್ ಭಾರತದ ವೈಸರಾಯ್ ಆಗಿದ್ದರು. ಜನವರಿಯಲ್ಲಿ ಪುಣೆಯಿಂದ 'ಕೇಸರಿ' ಮರಾಠಿ ಪತ್ರಿಕೆ ಆರಂಭವಾಯಿತು. ಫೆಬ್ರವರಿ 17ರಂದು ದೇಶದ ಬಹುಭಾಗದಲ್ಲಿ ಮೊದಲ ಬಾರಿಗೆ ಏಕಕಾಲದಲ್ಲಿ ಜನಗಣತಿ ನಡೆಯಿತು. 1876–78ರ ಭೀಕರ ಕ್ಷಾಮದ ಪರಿಣಾಮವು ಅದರ ಅಂಕಿಗಳಲ್ಲಿ ಗೋಚರಿಸಿತು: 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಹೀಗೆ ಜರ್ಜರಿತವಾಗಿದ್ದ ಸಂಸ್ಥಾನವನ್ನೇ ಮಾರ್ಚ್ 25ರಂದು, 50 ವರ್ಷಗಳ ಬ್ರಿಟಿಷ್ ಆಡಳಿತದ ತರುವಾಯ, ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಲಾಯಿತು. ದಿವಾನ್ ಸಿ. ರಂಗಾಚಾರ್ಲು ಅವರ ಕಾಲದಲ್ಲಿ, ಅಕ್ಟೋಬರಿನಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಅದಕ್ಕೆ ಶಾಸನಾಧಿಕಾರವಿರಲಿಲ್ಲ, ಆದರೂ ಪ್ರಜೆಗಳ ಅಹವಾಲು ಸರ್ಕಾರವನ್ನು ನೇರವಾಗಿ ತಲುಪುವಂತಾಯಿತು.

ಭಾರತದ ಮೊದಲ ಕಾರ್ಖಾನೆ ಕಾಯ್ದೆಯೂ ಇದೇ ವರ್ಷದ್ದು. ಅದು 7 ವರ್ಷಕ್ಕಿಂತ ಕಿರಿಯರ ದುಡಿಮೆಯನ್ನು ನಿಷೇಧಿಸಿತು. 7ರಿಂದ 12 ವರ್ಷದ ಮಕ್ಕಳು ಮಾತ್ರ ದಿನಕ್ಕೆ 9 ಗಂಟೆ ದುಡಿಯಬಹುದಾಗಿತ್ತು.