ಸ್ಯಾಂಪ್ಲಿಂಗ್ ಮತ್ತು ಹಕ್ಕುಸ್ವಾಮ್ಯ: ಕನ್ನಡ ಸಂಗೀತದಲ್ಲಿ

ಮೊದಲೇ ಧ್ವನಿಮುದ್ರಣಗೊಂಡ ಹಾಡಿನ ತುಣುಕನ್ನು ಎತ್ತಿ ಹೊಸ ಹಾಡಿನಲ್ಲೋ ಚಿತ್ರದ ದೃಶ್ಯದಲ್ಲೋ ಕೂಡಿಸುವುದು ಸ್ಯಾಂಪ್ಲಿಂಗ್. ಹಳೆಯ ಹಾಡಿನ ಮಟ್ಟನ್ನು ಹೊಸದಾಗಿ ಹಾಡುವುದು, ಅಂದರೆ ಕವರ್ ಹಾಡು, ಬೇರೆ ಕೆಲಸ. ಕಾನೂನು ಇವೆರಡನ್ನೂ ಬೇರೆಬೇರೆಯಾಗಿ ನೋಡುತ್ತದೆ; ಸುದ್ದಿಯಲ್ಲಿ ಮಾತ್ರ ಎರಡಕ್ಕೂ 'ಕದ್ದ ಹಾಡು' ಎಂಬ ಒಂದೇ ಹಣೆಪಟ್ಟಿ.

ಮಟ್ಟನ್ನು ಎರವಲು ತರುವುದು ಕನ್ನಡದಲ್ಲಿ ಯಾರೂ ಮುಚ್ಚಿಡದ ವಾಡಿಕೆಯಾಗಿತ್ತು. ಕಂಪನಿ ನಾಟಕಗಳ ಪದ್ಯದ ಪುಸ್ತಕಗಳಲ್ಲಿ ಇದು ಇಂಥ ಹಾಡಿನ ಮಟ್ಟು ಎಂದು ಮೇಲುಗಡೆ ಅಚ್ಚು ಹಾಕುತ್ತಿದ್ದರು. ಮರಾಠಿ ರಂಗಭೂಮಿಯ ಧಾಟಿಗಳು ಇತ್ತ ಬಂದವು, ಇಲ್ಲಿನವು ಅತ್ತ ಹೋದವು; ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದೇ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಮೂಲದ ಹೆಸರು ಹೇಳಿದರೆ ಮರ್ಯಾದೆ ಸಂದಾಯವಾದಂತೆ. ಇಂದಿನ ಕಾನೂನಿಗೆ ಹೆಸರು ಸಾಲದು, ಅನುಮತಿ ಬೇಕು.

1957ರ ಹಕ್ಕುಸ್ವಾಮ್ಯ ಕಾಯ್ದೆ 1958ರ ಜನವರಿ 21ರಂದು ಜಾರಿಗೆ ಬಂತು. ಸಾಹಿತ್ಯ, ಸಂಗೀತ ರಚನೆ, ಧ್ವನಿಮುದ್ರಿಕೆ ಮೂರಕ್ಕೂ ಅದು ಬೇರೆಬೇರೆ ಹಕ್ಕು ಕೊಡುತ್ತದೆ. ಒಂದು ಧ್ವನಿಮುದ್ರಿಕೆಯನ್ನು ಒಳಗೊಂಡ ಮತ್ತೊಂದು ಧ್ವನಿಮುದ್ರಿಕೆ ಮಾಡುವ ಅಧಿಕಾರ ಹಕ್ಕುದಾರನದೇ ಎನ್ನುತ್ತದೆ 14ನೇ ಕಲಂ. ವಿಮರ್ಶೆ, ಸಂಶೋಧನೆ, ವರ್ತಮಾನದ ವರದಿಗಳಿಗೆ 52ನೇ ಕಲಂನಲ್ಲಿ ವಿನಾಯಿತಿ ಇದೆ. ಸೃಜನಶೀಲ ಸ್ಯಾಂಪ್ಲಿಂಗಿನ ಹೆಸರೆತ್ತುವ ವಿನಾಯಿತಿ ಇಲ್ಲ. 2012ರ ತಿದ್ದುಪಡಿ ಕವರ್ ಹಾಡಿಗೆ ಐದು ವರ್ಷ ಕಾಯಬೇಕೆಂದಿತು, ಗೀತರಚನಕಾರರಿಗೂ ಸಂಗೀತ ನಿರ್ದೇಶಕರಿಗೂ ರಾಯಧನದ ಪಾಲನ್ನು ಗಟ್ಟಿಮಾಡಿತು. ಹೀಗಿದ್ದೂ ಮುಂದೆ ಹೇಳುವ ಮೊಕದ್ದಮೆಗಳಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಹೆಚ್ಚಾಗಿ ಆಡಿಯೋ ಕಂಪನಿಗಳು. ಹಾಡು ಕಟ್ಟಿದವರ ದನಿ ಅಲ್ಲಿ ಅಪರೂಪ.

'ಕಿರಿಕ್ ಪಾರ್ಟಿ' (2016) ಚಿತ್ರದ ಒಂದು ಹಾಡು ಹಂಸಲೇಖರ ಸಂಗೀತವಿದ್ದ 'ಶಾಂತಿ ಕ್ರಾಂತಿ'ಯ ಹಾಡನ್ನು ಹೋಲುತ್ತದೆಂದು ಲಹರಿ ಆಡಿಯೋ ಸಂಸ್ಥೆ ದಾವೆ ಹೂಡಿತು. ಇದಕ್ಕಿಂತ ಹೆಚ್ಚು ಸದ್ದು ಮಾಡಿದ್ದು 'ಕಾಂತಾರ'ದ 'ವರಾಹ ರೂಪಂ'. ಅಜನೀಶ್ ಲೋಕನಾಥ್ ಸಂಯೋಜಿಸಿದ ಆ ಹಾಡು ತಮ್ಮ 'ನವರಸಂ' ಹಾಡಿನ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ದೂರಿತು. ರಾಗ ಒಂದೇ ಆದಾಗ ಹೋಲಿಕೆ ಸಹಜ ಎಂಬುದು ಎದುರು ವಾದ. ರಾಗ ಯಾರ ಸ್ವತ್ತೂ ಅಲ್ಲವೆಂಬುದು ನಿಜ, ಆದರೆ ಅದರ ಮೇಲೆ ಕಟ್ಟಿದ ವಾದ್ಯಸಂಯೋಜನೆಗೆ ಒಡೆಯನಿರಬಹುದು. ಜಗಳದ ನಿಜವಾದ ಗಂಟು ಅಲ್ಲಿತ್ತು. 2022ರ ಅಕ್ಟೋಬರಿನಲ್ಲಿ ಕೋಯಿಕ್ಕೋಡ್ ನ್ಯಾಯಾಲಯ ತಡೆ ಕೊಟ್ಟಿತು. ನವೆಂಬರಿನಲ್ಲಿ ಒಟಿಟಿಗೆ ಬಂದ ಚಿತ್ರದಲ್ಲಿ ಬೇರೆ ಸಂಗೀತದ ಹಾಡಿತ್ತು. ನ್ಯಾಯಾಲಯದ ವ್ಯಾಪ್ತಿಯ ಪ್ರಶ್ನೆಯಲ್ಲಿ ದಾವೆ ಹಿಂದಿರುಗಿದ ಮೇಲೆ ಮೂಲ ಹಾಡು ಮರಳಿತು. ಇದರದೇ ಕ್ರಿಮಿನಲ್ ಪ್ರಕರಣದಲ್ಲಿ ಚಿತ್ರ ಮಾಡಿದವರ ನಿರೀಕ್ಷಣಾ ಜಾಮೀನಿಗೆ ಕೇರಳ ಹೈಕೋರ್ಟ್ ಹಾಕಿದ್ದ, ಆ ಹಾಡಿನೊಂದಿಗೆ ಚಿತ್ರ ತೋರಿಸಬಾರದೆಂಬ ಷರತ್ತನ್ನು 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿಯಿತು. ಹೀಗೆ ಹಾಡಿನ ಹಣೆಬರಹ ಹೋಲಿಕೆಯ ಮೇಲಲ್ಲ, ಕಾರ್ಯವಿಧಾನದ ಮೇಲೆ ನಿಂತಿತು.

ಮುದ್ರಿತ ಧ್ವನಿಯನ್ನೇ ಬಳಸಿದ ಪ್ರಕರಣಗಳಿಗೆ ಎರಡು ಉದಾಹರಣೆ. ಕಾಂಗ್ರೆಸ್ ಪಕ್ಷದ ಭಾರತ್ ಜೋಡೋ ಯಾತ್ರೆಯ ವಿಡಿಯೊಗಳಿಗೆ 'ಕೆಜಿಎಫ್ ಚಾಪ್ಟರ್ 2' ಹಾಡು ಬಳಸಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ದಾವೆ ಹೂಡಿದಾಗ, ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ 2022ರ ನವೆಂಬರಿನಲ್ಲಿ ಕಾಂಗ್ರೆಸ್ಸಿನ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಹೇಳಿತು. ಒಂದು ತುಣುಕಿಗಾಗಿ ಇಡೀ ಖಾತೆ ಮುಚ್ಚಿಸುವುದು ಅತಿಯಾಯಿತೆಂದು ಯಾರಿಗಾದರೂ ಅನ್ನಿಸದಿರದು. ಮರುದಿನವೇ ಕರ್ನಾಟಕ ಹೈಕೋರ್ಟ್, ಆಕ್ಷೇಪಿತ ತುಣುಕು ತೆಗೆಯುವ ಷರತ್ತಿನ ಮೇಲೆ, ಆ ಆದೇಶವನ್ನು ರದ್ದುಮಾಡಿತು.

ಎರಡನೆಯದು 'ಬ್ಯಾಚುಲರ್ ಪಾರ್ಟಿ' (2024). 'ಗಾಳಿಮಾತು' ಮತ್ತು 'ನ್ಯಾಯ ಎಲ್ಲಿದೆ' ಚಿತ್ರಗಳ ಹಾಡುಗಳನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದು ಎಂಆರ್‌ಟಿ ದೂರಿತು. 2024ರ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟ್ ನಿರ್ಮಾಪಕ ರಕ್ಷಿತ್ ಶೆಟ್ಟಿ ಅವರ ಕಡೆಯವರಿಗೆ 20 ಲಕ್ಷ ರೂಪಾಯಿ ಠೇವಣಿ ಇಡಲು ಆದೇಶಿಸಿತು.

ಇಂಥ ಹಾಡುಗಳು ಎಲ್ಲರ ಸ್ವತ್ತಾಗುವುದು ಯಾವಾಗ? ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ: 1981ರಲ್ಲಿ ಪ್ರಕಟವಾದದ್ದಾದರೆ 2041ರ ಕೊನೆಯವರೆಗೆ. ಸಂಗೀತ ರಚನೆಯದು ರಚನಕಾರರ ಮರಣಾನಂತರ 60 ವರ್ಷ; ಜೋಡಿಯಾದರೆ ಕೊನೆಗೆ ತೀರಿಕೊಂಡವರಿಂದ ಲೆಕ್ಕ. 'ಗಾಳಿಮಾತು' ಚಿತ್ರಕ್ಕೆ ಸಂಗೀತ ಕೊಟ್ಟ ರಾಜನ್-ನಾಗೇಂದ್ರ ಜೋಡಿಯ ರಾಜನ್ ನಿಧನರಾದದ್ದು 2020ರಲ್ಲಿ. ಹಾಗಾಗಿ ಧ್ವನಿಮುದ್ರಿಕೆ ಹಕ್ಕುಮುಕ್ತವಾದ ಮೇಲೂ ಅದರೊಳಗಿನ ಮಟ್ಟಿಗೆ 2080ರ ಕೊನೆಯವರೆಗೂ ಅನುಮತಿ ಪಡೆಯಬೇಕು.