ವಿಶ್ವನಾಥ್‌ರಿಂದ ಕರುಣ್ ತನಕ: ಆಟಗಾರ ಯಾರ ಸ್ವತ್ತು?

2025ರ ಮೇ 24ರಂದು ಜೈಪುರದಲ್ಲಿ ಪಂಜಾಬ್ ಮತ್ತು ಡೆಲ್ಲಿ ತಂಡಗಳ ನಡುವೆ ಐಪಿಎಲ್ ಪಂದ್ಯ ನಡೆದಿತ್ತು. ಪಂಜಾಬಿನ ಶಶಾಂಕ್ ಸಿಂಗ್ ಎತ್ತಿ ಹೊಡೆದ ಚೆಂಡು ಬೌಂಡರಿ ಗೆರೆಯ ಕಡೆ ಹೋಯಿತು. ಡೆಲ್ಲಿಯ ಕರುಣ್ ನಾಯರ್ ಹಾರಿ ಹಿಡಿದು, ಆಯ ತಪ್ಪುತ್ತಿದ್ದಂತೆ ಚೆಂಡನ್ನು ಒಳಗೆ ತಳ್ಳಿಬಿಟ್ಟರು. ಎದ್ದು ನಿಂತವರೇ ಎರಡೂ ಕೈ ಮೇಲೆತ್ತಿದರು. ನನ್ನ ಕಾಲು ಹಗ್ಗಕ್ಕೆ ತಾಗಿದೆ, ಇದು ಸಿಕ್ಸರ್ ಎಂಬುದು ಅದರ ಅರ್ಥ. ಮೂರನೇ ಅಂಪೈರ್ ಮತ್ತೆ ಮತ್ತೆ ವಿಡಿಯೋ ನೋಡಿ, ಕಾಲು ತಾಗಿಲ್ಲ ಎಂದು ತೀರ್ಪು ಕೊಟ್ಟರು. ಕ್ಷೇತ್ರರಕ್ಷಕನೇ ಎದುರಾಳಿಗೆ ಆರು ರನ್ ಕೊಟ್ಟರೂ ಯಂತ್ರ ಕೊಡಲಿಲ್ಲ. ಪಂದ್ಯ ಮುಗಿದ ಮೇಲೂ ಕರುಣ್ ತಮ್ಮ ಮಾತು ಬದಲಿಸಲಿಲ್ಲ ಎಂದು ಪಂಜಾಬ್ ತಂಡದ ಸಹ ಒಡತಿ ಪ್ರೀತಿ ಝಿಂಟಾ ಬಹಿರಂಗವಾಗಿಯೇ ಬರೆದರು. ಪಂದ್ಯ ಗೆದ್ದದ್ದು ಡೆಲ್ಲಿ.

ಆ ದಿನ ಕೈ ಎತ್ತಿದ ಮನುಷ್ಯನ ಕ್ರಿಕೆಟ್ ವಿಳಾಸವನ್ನೊಮ್ಮೆ ನೋಡಿ. ಬೆಳೆದದ್ದು ಬೆಂಗಳೂರಿನಲ್ಲಿ, ರಣಜಿ ಆಡುತ್ತಿದ್ದದ್ದು ವಿದರ್ಭಕ್ಕೆ, ಐಪಿಎಲ್‌ನಲ್ಲಿ 50 ಲಕ್ಷಕ್ಕೆ ಡೆಲ್ಲಿ ಕೊಂಡಿತ್ತು, ಬೇಸಿಗೆಯಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಕೌಂಟಿಗೆ ಹೋಗಿ ಬಂದವರು. ಯಾವ ಊರಿಗೂ ಪೂರ್ತಿ ಸೇರದ ಇಂಥ ಆಟಗಾರನಿಗೆ ಆಟದ ಮೇಲೆ ನಿಷ್ಠೆ ಇರುವುದಿಲ್ಲ, ದುಡ್ಡಿನ ಮೇಲೆ ಮಾತ್ರ ಇರುತ್ತದೆ ಎಂಬ ಮಾತು ಚೌಡಾಪುರದ ಚಹಾದಂಗಡಿಯಲ್ಲೂ ಕೇಳುತ್ತದೆ. ಪ್ರತಿ ಚಳಿಗಾಲ ಹರಾಜಿನ ಸುದ್ದಿ ಶುರುವಾದರೆ ಸಾಕು, ಗಾಣಗಾಪುರದ ಬಸ್ಸಿಗೆ ಕಾಯುವವರೂ ಮೊಬೈಲ್ ಹಿಡಿದು "ರಾಹುಲ್ ಈ ಸಲ ನಮ್ಮ ಕಡಿ ಬರ್ತಾನಂತೇನ್ರಿ?" ಎಂದು ಕೇಳುತ್ತಾರೆ. ಯಾರು ಎಲ್ಲಿಗೆ ಹೋಗುತ್ತಾರೆ ಎಂಬ ಊಹೆಯೇ ಈಗ ಅರ್ಧ ಆಟ. ಆದರೆ ಆಟಗಾರ ಹೋಗುವುದೋ ಬಿಡುವುದೋ ಯಾರ ಕೈಯಲ್ಲಿತ್ತು, ಈಗ ಯಾರ ಕೈಯಲ್ಲಿದೆ ಎಂದು ಕೇಳುವವರು ಕಡಿಮೆ. ಅದನ್ನೇ ಇಲ್ಲಿ ಕೆದಕೋಣ ಅಂದುಕೊಂಡೆವು.

ಹಿಂದಿನವರ ಸೌಜನ್ಯದ ಮಾತು ಬಂದಾಗ ಎಲ್ಲರೂ ಎತ್ತುವ ಹೆಸರು ಜಿ.ಆರ್. ವಿಶ್ವನಾಥ್. ಎತ್ತಬೇಕಾದ್ದೇ. 1980ರ ಫೆಬ್ರುವರಿಯಲ್ಲಿ ಮುಂಬೈನ ವಾಂಖೆಡೆಯಲ್ಲಿ ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್ ಇತ್ತು. ಎದುರಾಳಿ ಇಂಗ್ಲೆಂಡ್. ಭಾರತದ ನಾಯಕ ಭದ್ರಾವತಿಯಲ್ಲಿ ಹುಟ್ಟಿದ ವಿಶಿ. (ಆ ಟೆಸ್ಟಿನ ವಿಶ್ರಾಂತಿ ದಿನ ಫೆಬ್ರುವರಿ 16. ಅವತ್ತು ಖಗ್ರಾಸ ಸೂರ್ಯಗ್ರಹಣ. ನಮ್ಮ ಅಂಕೋಲಾ, ಹುಬ್ಬಳ್ಳಿ, ರಾಯಚೂರಿನಲ್ಲಿ ಹಾಡುಹಗಲೇ ಕತ್ತಲಾಗಿತ್ತು. ಟೆಸ್ಟ್ ಪಂದ್ಯವೂ ಗ್ರಹಣಕ್ಕೆ ಬಿಡುವು ಕೊಟ್ಟಿತ್ತು.) ಭಾರತ ಮೊದಲ ಇನಿಂಗ್ಸಿನಲ್ಲಿ 242 ಹೊಡೆದಿತ್ತು. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಇನ್ನೊಂದು ಪೆಟ್ಟು ಬಿದ್ದರೆ ಗೋಡೆ ಕುಸಿಯುತ್ತಿತ್ತು. ಕಪಿಲ್ ದೇವ್ ಎಸೆತಕ್ಕೆ ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರು ಎಂದು ಅಂಪೈರ್ ಹನುಮಂತರಾವ್ ಬೆರಳೆತ್ತಿದರು. ಟೇಲರ್ ಹಿಂಜರಿದು ನಿಂತರು. ಸ್ಲಿಪ್‌ನಲ್ಲಿದ್ದ ವಿಶಿಗೆ ಬ್ಯಾಟಿಗೆ ಚೆಂಡು ತಾಗಿಲ್ಲ ಅನಿಸಿತ್ತು. ಅಂಪೈರ್ ಬಳಿ ಹೋಗಿ ಮಾತಾಡಿ, ಟೇಲರ್‌ರನ್ನು ಮತ್ತೆ ಆಟಕ್ಕೆ ಕರೆದರು.

ಮುಂದೆ ಆದದ್ದು ನಿಮಗೂ ಗೊತ್ತಿರಬಹುದು. ಟೇಲರ್ 43 ಹೊಡೆದರು, ಇಯಾನ್ ಬಾಥಮ್ 114. ಇಬ್ಬರೂ ಸೇರಿ ಆರನೇ ವಿಕೆಟ್ಟಿಗೆ 171 ಕೂಡಿಸಿದರು. ಬಾಥಮ್ ಅಷ್ಟಕ್ಕೇ ಬಿಡದೆ ಎರಡೂ ಇನಿಂಗ್ಸ್ ಸೇರಿ 13 ವಿಕೆಟ್ ತೆಗೆದರು. ಭಾರತ 10 ವಿಕೆಟ್ಟಿನಿಂದ ಸೋತಿತು. ವಿಶಿ ನಾಯಕರಾಗಿದ್ದದ್ದು ಎರಡೇ ಟೆಸ್ಟಿಗೆ, ಇದು ಎರಡನೆಯದು. ಒಂದು ಕ್ಯಾಚಿನಿಂದ ಪಂದ್ಯ ಕೈಬಿಟ್ಟಿತು ಎನ್ನುವವರು ಇವತ್ತಿಗೂ ಇದ್ದಾರೆ. ನಾವು ಒಪ್ಪುವುದಿಲ್ಲ. ಎರಡನೇ ಇನಿಂಗ್ಸಿನಲ್ಲಿ 149ಕ್ಕೆ ಆಲೌಟ್ ಆದ ತಂಡ ಅಂಪೈರ್ ಬೆರಳಿನ ಮೇಲೆ ಸೋಲಿನ ಭಾರ ಹಾಕುವುದು ಸರಿಯಲ್ಲ.

ವಿಶಿಯ ಈ ನಡೆಗೂ ಅವರ ಕಾಲದ ವ್ಯವಸ್ಥೆಗೂ ಗಂಟು ಹಾಕುವುದನ್ನು ಮಾತ್ರ ನಾವು ಅನುಮಾನದಿಂದ ನೋಡುತ್ತೇವೆ. ಆಗ ಆಟಗಾರರು ಸ್ವತಂತ್ರರೇನೂ ಆಗಿರಲಿಲ್ಲ. ಅದಕ್ಕೂ ಹಿಂದೆ ಆಟಗಾರರನ್ನು ಸಾಕಿದವರು ರಾಜರು. ಸಿ.ಕೆ. ನಾಯುಡು ಅವರನ್ನು ಇಂದೋರಿನ ಹೋಳ್ಕರ್ ಮಹಾರಾಜರು ಕರೆಸಿ ತಮ್ಮ ಸೈನ್ಯದಲ್ಲಿ ಕ್ಯಾಪ್ಟನ್ ಹುದ್ದೆ ಕೊಟ್ಟರು. ಹೋಳ್ಕರ್ ತಂಡ ನಾಲ್ಕು ಸಲ ರಣಜಿ ಗೆದ್ದದ್ದು ಹೀಗೆ ಬೇರೆ ಬೇರೆ ಕಡೆಯಿಂದ ಕರೆತಂದ ಆಟಗಾರರಿಂದ. ಸಂಸ್ಥಾನಗಳು ಹೋದ ಮೇಲೆ ಅವರ ಜಾಗಕ್ಕೆ ಬ್ಯಾಂಕು, ರೈಲ್ವೆ, ಕಾರ್ಖಾನೆಗಳು ಬಂದವು. ಆಟಕ್ಕೆ ಸಿಗುತ್ತಿದ್ದ ಹಣ ಪ್ರಯಾಣಭತ್ಯೆಯ ಲೆಕ್ಕದ್ದು. ಹೊಟ್ಟೆ ತುಂಬುತ್ತಿದ್ದದ್ದು ಬ್ಯಾಂಕಿನ ಸಂಬಳ. ರಾಜ್ಯ ಬದಲಿಸಬೇಕೆಂದರೆ ಸಂಸ್ಥೆಯ ಒಪ್ಪಿಗೆ ಬೇಕಿತ್ತು. ನಿಷ್ಠೆ ಎಂದು ನಾವು ಹೊಗಳುವುದರಲ್ಲಿ ಬೇರೆ ದಾರಿ ಇಲ್ಲದ್ದೂ ಸೇರಿದೆ.

ಹೊರಗಿನ ದೇಶಗಳಲ್ಲಿ ಈ ಗಂಟನ್ನು ಬಿಚ್ಚಿದ್ದು ಕೋರ್ಟಿನಲ್ಲಿ. ಅಮೆರಿಕದ ಬೇಸ್‌ಬಾಲಿನಲ್ಲಿ ಒಮ್ಮೆ ಸಹಿ ಹಾಕಿದ ಆಟಗಾರ ಜೀವನಪರ್ಯಂತ ಆ ತಂಡದ ಆಸ್ತಿ, ತಂಡ ಬೇಕೆಂದಾಗ ಇನ್ನೊಬ್ಬರಿಗೆ ಮಾರಬಹುದಿತ್ತು. 1969ರಲ್ಲಿ ಸೇಂಟ್ ಲೂಯಿಸ್ ತಂಡ ತನ್ನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟಾಗ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರ ಹೋಗಲು ಒಪ್ಪಲಿಲ್ಲ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು, ಆಟದ ಬದುಕೂ ಮುಗಿಯಿತು. ಬ್ಯಾಸ್ಕೆಟ್‌ಬಾಲಿನಲ್ಲಿ ಆಟಗಾರರ ಸಂಘದ ಮುಂದಾಳು ಆಸ್ಕರ್ ರಾಬರ್ಟ್‌ಸನ್ 1970ರಲ್ಲಿ ದಾವೆ ಹೂಡಿದರು, 1976ರಲ್ಲಿ ರಾಜಿಯಾಯಿತು. ಒಪ್ಪಂದ ಮುಗಿದ ಆಟಗಾರ ತನಗೆ ಬೇಕಾದ ತಂಡದ ಜೊತೆ ಮಾತಾಡುವ ಹಕ್ಕು ಬಂದದ್ದು ಅಲ್ಲಿಂದ. ಇವತ್ತು ಬ್ಯಾಸ್ಕೆಟ್‌ಬಾಲ್ ತಾರೆಯೊಬ್ಬ ಎಲ್ಲಿಗೆ ಹೋಗುತ್ತಾನೆ ಎಂದು ಅಮೆರಿಕದ ಟಿವಿಗಳು ತಿಂಗಳುಗಟ್ಟಲೆ ಊಹಿಸುತ್ತವಲ್ಲ, ಆ ಗದ್ದಲದ ಹಿಂದೆ ಇಷ್ಟು ಜನರ ನಷ್ಟವಿದೆ. ಅಲ್ಲಿ ಊಹೆಗೆ ಅರ್ಥವಿದೆ, ಯಾಕೆಂದರೆ ನಿರ್ಧಾರ ಆಟಗಾರನದು.

ನಮ್ಮಲ್ಲಿ 2008ರಲ್ಲಿ ಬಂದದ್ದು ಹರಾಜು. ನಾವು ತೊಗರಿ ಸೀಮೆಯವರು, ಹರಾಜು ನಮಗೆ ಹೊಸದಲ್ಲ. ಅಡತಿ ಅಂಗಡಿ ಮುಂದೆ ಚೀಲ ಇಳಿಸಿ, ಯಾರು ಎಷ್ಟು ಕೂಗುತ್ತಾರೆ ಎಂದು ಕಾಯುವುದು ಅಫಜಲಪುರ, ಆಳಂದ, ಜೇವರ್ಗಿಯ ಪ್ರತಿ ರೈತನಿಗೂ ಗೊತ್ತು. ದರ ಸರಿಬರದಿದ್ದರೆ ಚೀಲ ವಾಪಸ್ ತರುವ ಹಕ್ಕಾದರೂ ರೈತನಿಗಿದೆ. ಬಾಡಿಗೆ ಗಾಡಿಯ ಖರ್ಚು, ಸಾಲಗಾರನ ಮುಖ ನೆನೆದು ತರುವುದಿಲ್ಲ, ಅದು ಬೇರೆ ಮಾತು. ಐಪಿಎಲ್ ಹರಾಜಿನಲ್ಲಿ ಚೀಲವೂ ಅವನೇ, ಚೀಲದ ಒಡೆಯನೂ ಅವನೇ, ಆದರೆ ಬೇಡವೆನ್ನುವ ಹಾಗಿಲ್ಲ. ಹರಾಜಿನಲ್ಲಿ ಮಾರಾಟವಾದ ಮೇಲೆ ಸಕಾರಣವಿಲ್ಲದೆ ಹಿಂದೆ ಸರಿದರೆ ಎರಡು ವರ್ಷ ನಿಷೇಧ. ಇಂಗ್ಲೆಂಡಿನ ಹ್ಯಾರಿ ಬ್ರೂಕ್ 2025ರಲ್ಲಿ ಅದನ್ನು ಅನುಭವಿಸಿದರು. ಕೋಟಿ ಲೆಕ್ಕದ ದುಡ್ಡು ಬರುತ್ತದೆ, ನಿಜ. ಅದರಲ್ಲಿ ನಮಗೇನೂ ಹೊಟ್ಟೆಕಿಚ್ಚಿಲ್ಲ. ದುಡ್ಡು ಸಿಗುವುದಕ್ಕೂ ಆಯ್ಕೆ ಸಿಗುವುದಕ್ಕೂ ವ್ಯತ್ಯಾಸವಿದೆ ಎಂದಷ್ಟೇ ಹೇಳುತ್ತಿದ್ದೇವೆ.

ರಾಹುಲ್ ದ್ರಾವಿಡ್ ಮೊದಲ ಹರಾಜಿನಲ್ಲಿ ನಿಲ್ಲಲೇ ಇಲ್ಲ. ಸಚಿನ್, ಗಂಗೂಲಿ, ಸೆಹ್ವಾಗ್, ಯುವರಾಜ್ ಜೊತೆ ಅವರನ್ನೂ ಐಕಾನ್ ಆಟಗಾರ ಎಂದು ಊರಿನ ತಂಡಕ್ಕೇ ಮೀಸಲಿಟ್ಟಿದ್ದರು. ಮೂರು ವರ್ಷ ಕಳೆದ ಮೇಲೆ ಬೆಂಗಳೂರು ಉಳಿಸಿಕೊಂಡದ್ದು ವಿರಾಟ್ ಕೊಹ್ಲಿ ಒಬ್ಬರನ್ನೇ. 2011ರ ಜನವರಿಯಲ್ಲಿ ಹರಾಜು ನಡೆದದ್ದು ಬೆಂಗಳೂರಿನಲ್ಲೇ; ಅಲ್ಲೇ ದ್ರಾವಿಡ್ ರಾಜಸ್ಥಾನದ ಪಾಲಾದರು, 5 ಲಕ್ಷ ಡಾಲರಿಗೆ. ದ್ರಾವಿಡ್ ಗೊಣಗಲಿಲ್ಲ, ಅಲ್ಲಿ ಹೋಗಿ ನಾಯಕರಾದರು, ಹುಡುಗರನ್ನು ಬೆಳೆಸಿದರು.

ಕೆ.ಎಲ್. ರಾಹುಲ್ ಕತೆ ಇನ್ನೂ ತಿರುವಿನದು. ಬೆಂಗಳೂರಿನಲ್ಲಿ ಹುಟ್ಟಿ ಸುರತ್ಕಲ್ಲಿನಲ್ಲಿ ಬೆಳೆದವರು. ಬೆಂಗಳೂರು, ಹೈದರಾಬಾದ್, ಮತ್ತೆ ಬೆಂಗಳೂರು, ಪಂಜಾಬ್, ಲಖನೌ. 2024ರ ಮೇ 8ರಂದು ಹೈದರಾಬಾದಿನಲ್ಲಿ ಲಖನೌ 10 ವಿಕೆಟ್ಟಿನಿಂದ ಸೋತ ಮೇಲೆ ತಂಡದ ಮಾಲೀಕರು ಮೈದಾನದಲ್ಲೇ ರಾಹುಲ್ ಎದುರು ಕೈ ಬೀಸಿ ಮಾತಾಡಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಅವತ್ತಿನಿಂದ ಹರಾಜಿನ ತನಕ, ಅಂದರೆ ಆರು ತಿಂಗಳು, ಒಂದೇ ಊಹೆ: ರಾಹುಲ್ ಮನೆಗೆ ಬರ್ತಾನೆ. ನವೆಂಬರಿನಲ್ಲಿ ಜೆಡ್ಡಾದಲ್ಲಿ ಬೆಂಗಳೂರು ಸ್ವಲ್ಪ ದೂರ ಕೂಗಿ ಸುಮ್ಮನಾಯಿತು. ಡೆಲ್ಲಿ 14 ಕೋಟಿಗೆ ಒಯ್ದಿತು. ಮುಂದಿನ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಬೆಂಗಳೂರಿನ ವಿರುದ್ಧ 93 ಹೊಡೆದು ಔಟಾಗದೆ ಉಳಿದು, ಬ್ಯಾಟಿನಿಂದ ನೆಲದ ಮೇಲೆ ಸುತ್ತು ಎಳೆದು ಬ್ಯಾಟ್ ಊರಿದರು. ಕಾಂತಾರ ನೋಡಿದವರಿಗೆ ವಿವರಿಸಬೇಕಿಲ್ಲ. ಅದು ಅತಿಯಾಯಿತು ಎಂದವರೂ ಇದ್ದರು. ನಮಗೆ ಹಾಗನಿಸಲಿಲ್ಲ. ಈ ನೆಲ ನನ್ನದು ಎನ್ನುವ ಹಕ್ಕನ್ನು ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ, ಅಷ್ಟೇ.

ಐಪಿಎಲ್ ಬದಿಗಿಡೋಣ. ರಣಜಿಯಲ್ಲಿ ಹರಾಜಿಲ್ಲ, ಎನ್‌ಒಸಿ ಇದೆ. ನಿರಾಕ್ಷೇಪಣಾ ಪತ್ರ. ಗುತ್ತಿಗೆ ಕೆಲಸ ಬದಲಿಸುವ ನಮ್ಮ ಹುಡುಗರಿಗೆ, ಕಾಲೇಜು ಬದಲಿಸುವ ಹುಡುಗಿಯರಿಗೆ ಈ ಕಾಗದದ ತೂಕ ಗೊತ್ತು. ಹಳೆಯ ಸಂಸ್ಥೆ ಸಹಿ ಹಾಕಬೇಕು, ಹೊಸ ಸಂಸ್ಥೆಯಲ್ಲಿ ಜಾಗ ಇರಬೇಕು. ಹೊರಗಿನವರು ಇಷ್ಟೇ ಜನ ಎಂಬ ಮಿತಿಯೂ ಇದೆ. ಕರುಣ್ ನಾಯರ್ 2015ರ ರಣಜಿ ಫೈನಲ್ಲಿನಲ್ಲಿ ತಮಿಳುನಾಡಿನ ವಿರುದ್ಧ 328 ಹೊಡೆದು ಕರ್ನಾಟಕಕ್ಕೆ ಸತತ ಎರಡನೇ ಸಲ ಕಪ್ ತಂದವರು. 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಭಾರತದ ಪರ ಟೆಸ್ಟಿನಲ್ಲಿ ಮುನ್ನೂರು ದಾಟಿದವರಲ್ಲಿ ಸೆಹ್ವಾಗ್ ಬಿಟ್ಟರೆ ಆಗ ಇವರೊಬ್ಬರೇ. ಕೆಲವೇ ತಿಂಗಳಲ್ಲಿ ಭಾರತ ತಂಡದಿಂದ ಹೊರಗೆ. 2022ರ ಹೊತ್ತಿಗೆ ಕರ್ನಾಟಕ ತಂಡದಿಂದಲೂ ಹೊರಗೆ. ಆ ಡಿಸೆಂಬರಿನಲ್ಲಿ ಕ್ರಿಕೆಟ್ಟಿಗೇ ಬರೆದಂತೆ, ಇನ್ನೊಂದು ಅವಕಾಶ ಕೊಡು ಎಂದು ಒಂದು ಸಾಲು ಟ್ವೀಟ್ ಮಾಡಿದ್ದರು. ಕೇಳಿದ್ದು ವಿದರ್ಭ. ಕರ್ನಾಟಕ ಪತ್ರ ಕೊಟ್ಟಿತು, ಕರುಣ್ 2023ರಲ್ಲಿ ನಾಗಪುರಕ್ಕೆ ಹೋದರು.

ಅಲ್ಲಿ ಆದದ್ದನ್ನು ಲೆಕ್ಕದಲ್ಲಿ ಹೇಳುವುದೇ ವಾಸಿ. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ 779 ರನ್, ಐದು ಶತಕ, ಸರಾಸರಿ 389.5, ಇಡೀ ಟೂರ್ನಿಯಲ್ಲಿ ಔಟಾದದ್ದು ಎರಡೇ ಸಲ. ಅದೇ ವರ್ಷ ರಣಜಿಯಲ್ಲಿ 863 ರನ್, ಕೇರಳದ ವಿರುದ್ಧದ ಫೈನಲ್ಲಿನಲ್ಲಿ 86 ಮತ್ತು 135, ಕಪ್ ವಿದರ್ಭಕ್ಕೆ. ಇವೆರಡರ ನಡುವೆ, 2025ರ ಜನವರಿ 18ರಂದು ವಡೋದರಾದಲ್ಲಿ ವಿಜಯ್ ಹಜಾರೆ ಫೈನಲ್. ವಿದರ್ಭದ ನಾಯಕ ಕರುಣ್, ಎದುರಾಳಿ ಕರ್ನಾಟಕ, ಅದರ ನಾಯಕ ಮಯಂಕ್ ಅಗರ್ವಾಲ್. ಕರ್ನಾಟಕ 36 ರನ್ನಿನಿಂದ ಗೆದ್ದಿತು. ಕನ್ನಡಿಗರಾಗಿ ನಾವು ಸಂತೋಷಪಟ್ಟೆವು. ಕರುಣ್ 27ಕ್ಕೆ ಔಟಾದಾಗ ಪಟ್ಟ ಸಂತೋಷ ಮಾತ್ರ ಅಷ್ಟು ಶುದ್ಧವಾಗಿರಲಿಲ್ಲ.

ನಮ್ಮ ಭಾಗಕ್ಕೆ ಈ ವಿಷಯದಲ್ಲಿ ಇನ್ನೊಂದು ಮುಖವಿದೆ. 2022ರ ಮಹಾರಾಜ ಟ್ರೋಫಿ ಗೆದ್ದದ್ದು ಗುಲ್ಬರ್ಗ ಮಿಸ್ಟಿಕ್ಸ್, ಮನೀಶ್ ಪಾಂಡೆ ನಾಯಕತ್ವದಲ್ಲಿ. ಹೆಸರು ನಮ್ಮದು, ಪಂದ್ಯಗಳೆಲ್ಲ ಮೈಸೂರು ಮತ್ತು ಬೆಂಗಳೂರಿನಲ್ಲಿ. ಅತ್ತ ರಾಯಚೂರಿನ ಮನೋಜ್ ಭಾಂಡಗೆಯನ್ನು ಬೆಂಗಳೂರಿನ ಐಪಿಎಲ್ ತಂಡ ಕೊಂಡಿತು. ಊರಿನ ಹೆಸರು ಒಂದು ಕಡೆ, ಊರಿನ ಹುಡುಗ ಇನ್ನೊಂದು ಕಡೆ. ನಮ್ಮ ಜಾತ್ರೆಯ ಕಬಡ್ಡಿ, ವಾಲಿಬಾಲ್ ಟೂರ್ನಿಗಳಲ್ಲೂ ಹೊರಗಿನ ಆಟಗಾರನನ್ನು ಊಟ, ಬಸ್ ಚಾರ್ಜು, ಕೈಖರ್ಚು ಕೊಟ್ಟು ಕರೆತರುವುದು ಹಳೆಯ ರೂಢಿ. ಗೆದ್ದರೆ "ನಮ್ಮ ಹುಡುಗ", ಸೋತರೆ "ಬಾಡಿಗಿ ಮಂದಿ". ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಹೋದ ನಮ್ಮವರನ್ನು ಆ ಊರುಗಳು ಕರೆಯುವುದೂ ಹೆಚ್ಚುಕಡಿಮೆ ಹೀಗೆಯೇ.

ಆದ್ದರಿಂದ ಊರು ಬಿಟ್ಟವನಿಗೆ ನಿಷ್ಠೆ ಇಲ್ಲ ಎಂಬ ಮಾತನ್ನು ನಾವು ಕೊನೆಯದಾಗಿ ಹೇಳಬೇಕಾದವರು. 1980ರಲ್ಲಿ ಕರೆದು ಆಡಿಸಿದ ವಿಶಿ ಒಂದೇ ರಾಜ್ಯಕ್ಕೆ ಆಡಿದವರು. 2025ರಲ್ಲಿ ಕೈ ಎತ್ತಿದ ಕರುಣ್ ಆರೇಳು ಅಂಗಿ ಬದಲಿಸಿದವರು. ಇಬ್ಬರೂ ಮಾಡಿದ್ದು ಒಂದೇ: ಅಂಪೈರ್ ಹೇಳಿದ್ದಕ್ಕಿಂತ ತನ್ನ ಕಣ್ಣು ಕಂಡದ್ದನ್ನು, ತನ್ನ ಕಾಲು ಬಲ್ಲದ್ದನ್ನು ಹೇಳಿದ್ದು. ಕರುಣ್‌ರ ಮಾತು ನಡೆಯಲಿಲ್ಲ, ವಿಶಿಯ ಮಾತು ನಡೆಯಿತು. ತಂತ್ರಜ್ಞಾನ ಬಂದ ಮೇಲೆ ಆಟಗಾರನ ಸಾಕ್ಷಿಗೆ ಬೆಲೆ ಕಡಿಮೆಯಾಗಿದೆ ಅನ್ನಬಹುದೇನೋ.

2025ರ ಜೂನಿನಲ್ಲಿ ಲೀಡ್ಸ್‌ನಲ್ಲಿ ಕರುಣ್ ಎಂಟು ವರ್ಷಗಳ ಮೇಲೆ ಮತ್ತೆ ಭಾರತದ ಟೆಸ್ಟ್ ತಂಡಕ್ಕೆ ಬಂದರು, ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ಸರಣಿಯಲ್ಲಿ ಒಂದು ಅರ್ಧಶತಕ, ಆಮೇಲೆ ಮತ್ತೆ ಹೊರಗೆ. ಈ ಸಲ ಪತ್ರ ಕೊಟ್ಟದ್ದು ವಿದರ್ಭ. 2025-26ರ ರಣಜಿಗೆ ಕರ್ನಾಟಕದ ಟೋಪಿ ಹಾಕಿಕೊಂಡು ಶಿವಮೊಗ್ಗದಲ್ಲಿ, ಭದ್ರಾವತಿಗೆ ಅರ್ಧ ಗಂಟೆಯ ದಾರಿಯಲ್ಲಿ, ಗೋವಾ ವಿರುದ್ಧ ಬ್ಯಾಟಿಂಗಿಗೆ ಇಳಿದರು. 174 ರನ್, ಔಟಾಗಲಿಲ್ಲ.